ಶಾಕ್ ಮೆಷಿನ್ನಿನ ಆಯುಧಪೂಜೆ

ಬಸವೇಶ್ವರನಗರದ ಆ ಆಸ್ಪತ್ರೆಯಲ್ಲಿ ರಮ್ಯಶ್ರೀ ಲಿಫ್ಟಿನಿಂದ ಹೊರಗೆ ಕಾಲಿಟ್ಟರೆ ಸಾಕು, ಮೆಷಿನ್‌ಗಳು ಮಾಯವಾಗುತ್ತಿದ್ದವು. ಈಗಷ್ಟೇ ಕಾರಿಡಾರಿನಲ್ಲಿದ್ದ ಇಸಿಜಿ ಮೆಷಿನ್ ಇಲ್ಲ. ಸಕ್ಷನ್ ಮೆಷಿನ್‌ನ ಚಕ್ರ ಬಾತ್‌ರೂಮಿನ ಬಾಗಿಲ ಸಂದಿಯಲ್ಲಿ ಇಣುಕುತ್ತಿರುತ್ತದೆ, ಕೇಳಿದರೆ ನರ್ಸುಗಳು "ಎಲ್ಲಿದೆ ಮೇಡಂ? ನಾವು ನೋಡೇ ಇಲ್ಲ" ಎಂದು ಮುಖ ಮುಖ ನೋಡಿಕೊಳ್ಳುತ್ತಾರೆ. ಇವನ್ನೆಲ್ಲ ಹೊತ್ತಿಗೆ ಸರಿಯಾಗಿ ಸರ್ವೀಸ್ ಮಾಡುವುದೇ ಅವಳ ಉದ್ಯೋಗ. ಕಳ್ಳರನ್ನು ಹುಡುಕುವ ಪೊಲೀಸರಿಗೂ ಇಷ್ಟು ಅಲೆದಾಟ ಇರಲಿಕ್ಕಿಲ್ಲ.

ತಪ್ಪು ಅವಳದಲ್ಲ, ಅವಳಿಗಿಂತ ಮುಂಚೆ ಆ ಕುರ್ಚಿಯಲ್ಲಿದ್ದ ಕಾಂತರಾಜು ಎಂಬ ಪುಣ್ಯಾತ್ಮನದು. ಆತ ಸರ್ವೀಸಿಗೆಂದು ನೆಲಮಾಳಿಗೆಗೆ ಒಯ್ದ ಮೆಷಿನ್ ಹೇಳಿದ ದಿನಕ್ಕೆ ಎಂದೂ ಮೇಲೆ ಬಂದದ್ದಿಲ್ಲ. ಬಂದರೂ ಒಂದರ ವೈರು ಇನ್ನೊಂದಕ್ಕೆ, ಈ ವಾರ್ಡಿನದು ಆ ವಾರ್ಡಿಗೆ. ಹಾಗಾಗಿ ನೆಟ್ಟಗೆ ಓಡುತ್ತಿರುವ ಮೆಷಿನ್ ಇಂಜಿನಿಯರ್ ಕಣ್ಣಿಗೆ ಬೀಳಬಾರದು ಎಂದು ಎಲ್ಲ ವಾರ್ಡುಗಳೂ ತೀರ್ಮಾನಿಸಿಬಿಟ್ಟಿದ್ದವು. ಕಾಂತರಾಜು ಕೆಲಸ ಬಿಟ್ಟು ಹೋದ. ತೀರ್ಮಾನ ಮಾತ್ರ ಉಳಿಯಿತು.

ಈ ಬಚ್ಚಿಡುವ ವಿದ್ಯೆಯಲ್ಲಿ ಶಿವಕ್ಕ ಸಿಸ್ಟರ್ ಎಲ್ಲರಿಗೂ ಗುರು. ಹಾವೇರಿ ಕಡೆಯವರು, ಎರಡನೇ ಮಹಡಿಯ ವಾರ್ಡಿನಲ್ಲಿ ಅವರದೇ ಆಳ್ವಿಕೆ. ಅಲ್ಲಿನ ಡಿಫಿಬ್ರಿಲೇಟರ್ ರಮ್ಯಶ್ರೀಯ ನಿದ್ದೆ ಕೆಡಿಸಿತ್ತು. ನಿಂತುಹೋದ ಹೃದಯಕ್ಕೆ ಕರೆಂಟು ಕೊಟ್ಟು ಎಬ್ಬಿಸುವ ಆ ಪೆಟ್ಟಿಗೆಯನ್ನು ಆಸ್ಪತ್ರೆಯಲ್ಲಿ ಎಲ್ಲರೂ ಶಾಕ್ ಮೆಷಿನ್ ಎನ್ನುತ್ತಾರೆ. ಅದರ ಬ್ಯಾಟರಿಯ ಆಯುಸ್ಸು ಮುಗಿದಿತ್ತು. ಹೊಸ ಬ್ಯಾಟರಿ ಬಂದು ಅವಳ ಮೇಜಿನ ಮೇಲೆ ಕುಳಿತಿತ್ತು. ಮೆಷಿನ್ ಮಾತ್ರ ನಾಪತ್ತೆ. ಅದೇ ವಾರ್ಡಿನಲ್ಲಿ ಬಿನ್ನಿಪೇಟೆಯ ಶಂಭುಲಿಂಗಪ್ಪ ಎಂಬ ಅಜ್ಜ ಬಲಹೀನ ಹೃದಯ ಹೊತ್ತು ಮಲಗಿದ್ದರು. ಅವರನ್ನು ಕಂಡಾಗಲೆಲ್ಲ ರಮ್ಯಶ್ರೀ ಮತ್ತೊಮ್ಮೆ ಮೆಷಿನ್ ಹುಡುಕಲು ಹೊರಡುತ್ತಿದ್ದಳು.

"ಶಾಕ್ ಮೆಷಿನ್ ಎಲ್ಲಿ ಸಿಸ್ಟರ್?"

"ಐಸಿಯುದವರು ಒಯ್ದಾರವ್ವ."

"ಅವ್ರು ಇಲ್ಲ ಅಂತಾರೆ. ನಾನೇನು ಕೆಳಗೆ ತಗೊಂಡು ಹೋಗಲ್ಲ, ಇಲ್ಲೇ ಬ್ಯಾಟರಿ ಹಾಕಿಕೊಡ್ತೀನಿ. ಅಜ್ಜನಿಗೆ ಏನಾದ್ರೂ ಆದ್ರೆ ಏನ್ ಮಾಡ್ತೀರಾ?"

"ಏನೂ ಆಗಂಗಿಲ್ಲ. ನಮ್ಮ ಮೆಷಿನ್ ಗುಂಡುಕಲ್ಲಿನಂಗ ಐತಿ. ಹೋದ ವರ್ಷ ಒಂದು ಜೀವ ಉಳಿಸೇತಿ ಅದು. ನಿಮ್ಮ ಕೈಗೆ ಕೊಟ್ರ ಅದಕ್ಕ ರೋಗ ಹತ್ತತೈತಿ."

ಐಸಿಯು ಪಾಲಾಗಿದ್ದ ಮೆಷಿನ್ ಅರೆಗಳಿಗೆಯಲ್ಲಿ ಮತ್ತೆ 'ನಮ್ಮ ಮೆಷಿನ್' ಆಗಿತ್ತು. ಶಿವಕ್ಕ ಅದನ್ನು ಗಮನಿಸಲೇ ಇಲ್ಲ, ಔಷಧಿ ಟ್ರೇ ಹಿಡಿದು ನಡೆದುಬಿಟ್ಟರು. ಸೂಪರಿಂಟೆಂಡೆಂಟರಿಗೆ ದೂರು ಕೊಡೋಣವೆಂದು ರಮ್ಯಶ್ರೀಗೆ ಅನ್ನಿಸಿತು. ಕೊಟ್ಟರೆ ಶಾಕ್ ಮೆಷಿನ್ ಏನೋ ಸಿಗುತ್ತದೆ, ಉಳಿದವೆಲ್ಲ ಇನ್ನೂ ಆಳಕ್ಕೆ ಇಳಿಯುತ್ತವೆ. ಮರುದಿನವೇ ಆಯುಧಪೂಜೆ ಇತ್ತು, ಅವಳ ತಲೆಯೂ ಓಡಿತು.

ಮಧ್ಯಾಹ್ನದ ಹೊತ್ತಿಗೆ ಸುದ್ದಿ ಎಲ್ಲ ಮಹಡಿ ಮುಟ್ಟಿತು: ಈ ಸಲ ವಾರ್ಡಿಗೊಂದು ಪೂಜೆ ಇಲ್ಲ, ನಾಳೆ ಕೆಳಗಿನ ಹಾಲಿನಲ್ಲಿ ಎಲ್ಲ ಮೆಷಿನ್‌ಗಳಿಗೂ ಒಟ್ಟಿಗೆ ಪೂಜೆ. ರೋಗಿಗೆ ಹಾಕಿರುವುದನ್ನು ಬಿಟ್ಟು ಉಳಿದದ್ದೆಲ್ಲ ಬರಬೇಕು. ಬಾರದ ಮೆಷಿನ್‌ಗೆ ಹೂವೂ ಇಲ್ಲ, ದೃಷ್ಟಿ ತೆಗೆಯುವುದೂ ಇಲ್ಲ.

ಇಂಜಿನಿಯರ್ ಮಾತಿಗೆ ಸೊಪ್ಪು ಹಾಕದ ನರ್ಸುಗಳು ಇದಕ್ಕೆ ನಡುಗಿದರು. ವರ್ಷವಿಡೀ ದುಡಿದ ಮೆಷಿನ್ ಕುಂಕುಮ ಕಾಣದೆ ಬರೀ ಹಣೆಯಲ್ಲಿ ಕೂರುವುದೇ? ಮರುದಿನ ಬೆಳಿಗ್ಗೆ ಲಿಫ್ಟಿನ ಬಾಗಿಲು ತೆರೆದಂತೆಲ್ಲ ಒಂದೊಂದೇ ದರ್ಶನ ಕೊಟ್ಟವು. ಬೆಡ್‌ಶೀಟ್ ಬೀರುವಿನಿಂದ ಇಸಿಜಿ ಬಂತು. ಅಡುಗೆಮನೆಯ ಅಕ್ಕಿ ಮೂಟೆಯ ಹಿಂದಿನಿಂದ ನೆಬ್ಯುಲೈಸರ್ ಬಂತು. ಕಳೆದೇಹೋಗಿದೆ ಎಂದು ಕಾಂತರಾಜು ಕೈಬಿಟ್ಟಿದ್ದ ಮಾನಿಟರ್ ಸೇವಂತಿಗೆ ಹಾರ ಹಾಕಿಕೊಂಡು ಮದುಮಗನಂತೆ ಉರುಳಿಕೊಂಡು ಬಂತು. "ಸ್ಕ್ರೀನಿಗೆ ಕುಂಕುಮ ಬೇಡ, ಹಿಡಿಗೆ ಹಚ್ಚಿ ಸಾಕು" ಎಂದು ಕೂಗುತ್ತಾ ರಮ್ಯಶ್ರೀ ಒಂದೊಂದನ್ನೂ ಕಣ್ಣಲ್ಲೇ ತಿಂದಳು.

ಶಿವಕ್ಕ ಬರಲಿಲ್ಲ. ಔಷಧಿ ಅಂಗಡಿಯ ಪಂಚಾಕ್ಷರಿಯವರು ಟ್ರಾಲಿಗಳ ಚಕ್ರದಡಿ ನಿಂಬೆಹಣ್ಣು ಇಟ್ಟಾಯಿತು, ಕರ್ಪೂರ ಹಚ್ಚಲು ಕಡ್ಡಿ ಗೀರಿದರು. ಆಗ ಮೆಟ್ಟಿಲಿಳಿದು ಬಂದರು ಶಿವಕ್ಕ, ಎದೆಗವಚಿಕೊಂಡ ಹಸಿರು ಬಟ್ಟೆಯ ಗಂಟಿನೊಂದಿಗೆ.

"ಆರತಿ ಆದ ಕೂಡ್ಲೇ ಒಯ್ತೀನಿ. ಕೈ ಹಚ್ಚಬ್ಯಾಡ" ಎಂದು ರಮ್ಯಶ್ರೀಗೆ ಮೊದಲೇ ಎಚ್ಚರಿಸಿದರು.

"ನಾನ್ಯಾಕೆ ಹಚ್ಲಿ ಸಿಸ್ಟರ್? ಪೂಜೆ ಆದ ಗಾಡಿ ಸ್ಟಾರ್ಟ್ ಮಾಡ್ತಾರಲ್ಲ, ಹಂಗೆ ಎಲ್ರೂ ಅವರವರ ಮೆಷಿನ್ ಆನ್ ಮಾಡ್ಬೇಕು. ನಿಮ್ಮದನ್ನ ನೀವೇ ಮಾಡಿ."

ಆರತಿ ಆಯಿತು. ಹಾಲಿನ ತುಂಬ ಟಿಣ್ ಟಿಣ್, ಪೀಂ ಪೀಂ. ಶಿವಕ್ಕ ಹೆಮ್ಮೆಯಿಂದ ಗುಂಡಿ ಒತ್ತಿದರು. ಏನೂ ಇಲ್ಲ. ಮತ್ತೆ ಒತ್ತಿದರು. ಕೆಂಪು ದೀಪವೊಂದು ಕಣ್ಣು ಬಿಟ್ಟು ಆರಿಹೋಯಿತು. ಮೂರನೇ ಸಲಕ್ಕೆ ಅದೂ ಇಲ್ಲ. ಯಾರ ಕಣ್ಣಿಗೂ ಬೀಳದಿರಲೆಂದು ಬೀರುವಿನಲ್ಲಿಟ್ಟು ಬೀಗ ಹಾಕಿದ್ದರು. ಹಳೆಯ ಬ್ಯಾಟರಿ ಚಾರ್ಜ್ ಕಾಣದೆ ಪೂರ್ತಿ ಸತ್ತಿತ್ತು.

ಗೆದ್ದೆನೆಂದು ಬೀಗಲು ಅದಕ್ಕಿಂತ ಒಳ್ಳೆಯ ಗಳಿಗೆ ಇರಲಿಲ್ಲ. ಆದರೆ ಶಿವಕ್ಕನ ಮುಖ ನೋಡಿದ ರಮ್ಯಶ್ರೀಗೆ ಗೆಲುವು ಬೇಡವೇ ಬೇಡವೆನಿಸಿತು.

"ನಿನ್ನೆ ಸಂಜಿಮುಂದ ಶಂಭುಲಿಂಗಪ್ಪಜ್ಜಗ ಎದಿ ನೋವು ಬಂದಿತ್ತವ್ವ" ಎಂದರು ಶಿವಕ್ಕ, ಗುಂಡಿಯ ಮೇಲಿನ ಬೆರಳು ತೆಗೆಯದೆ. "ಶಾಕ್ ಮೆಷಿನ್ ಐತಿ, ಹೆದರಬ್ಯಾಡ್ರಿ ಅಂದೆ. ಮಾತ್ರೆಗೇ ಇಳೀತು. ಇಳೀದಿದ್ರ?"

ರಮ್ಯಶ್ರೀ ಅಲ್ಲೇ ನೆಲದ ಮೇಲೆ ಕುಳಿತು ಚೀಲದಿಂದ ಹೊಸ ಬ್ಯಾಟರಿ ತೆಗೆದಳು. ಹಾಕಿದಳು, ಆನ್ ಮಾಡಿದಳು, ಪರೀಕ್ಷೆಯ ಶಾಕ್ ಕೊಟ್ಟು ನೋಡಿದಳು. ಮೆಷಿನ್ ಗಟ್ಟಿಯಾಗಿ ಕೂಗಿತು. ಶಿವಕ್ಕ ಸೆರಗಿಲ್ಲದ ಯೂನಿಫಾರ್ಮಿನಲ್ಲಿ ಸೆರಗು ಹುಡುಕಿ, ಕೊನೆಗೆ ತೋಳಿನಲ್ಲೇ ಕಣ್ಣೊರೆಸಿಕೊಂಡರು.

"ತಗೊಳ್ಳಿ ಸಿಸ್ಟರ್, ಅಜ್ಜನ ಹತ್ರ ಪ್ಲಗ್ ಹಾಕಿಡಿ."

ಶಿವಕ್ಕ ಮೆಷಿನ್ ಎತ್ತಿಕೊಂಡು ಮೆಟ್ಟಿಲವರೆಗೆ ಹೋದರು. ನಿಂತರು. ಆಚೀಚೆ ನೋಡಿ ರಮ್ಯಶ್ರೀಯನ್ನು ಕಣ್ಣಲ್ಲೇ ಕರೆದರು.

"ಯಾರ ಮುಂದನೂ ಹೇಳಬ್ಯಾಡ. ಸಿರಿಂಜ್ ಪಂಪ್ ಇನ್ನೂ ಎರಡು ಅದಾವು. ನಾಳೆ ತಂದು ನಿನ್ನ ಕೈಯಾಗ ಕೊಡ್ತೀನಿ."

"ತಂದು? ಎಲ್ಲಿಂದ ಸಿಸ್ಟರ್?"

"ದೀಪಾಂಜಲಿ ನಗರದಿಂದ. ನಮ್ಮ ಮನ್ಯಾಗ ಅದಾವು" ಎಂದು ಶಿವಕ್ಕ ಪಿಸುಗುಟ್ಟಿದರು. "ಅವಕ್ಕ ಪೂಜಿ ಬೆಳಿಗ್ಗೆನ ಆತು."