ಮೊದಲ ಬೆರಳಿನ ಬೆಲೆ

ಬೆನಕಪ್ಪ ಯಾವತ್ತಿನಿಂದ ಗೋಡೆಯ ಕಡೆ ಮುಖ ಮಾಡಿ ಮಲಗತೊಡಗಿದ ಎಂಬುದು ಅವನ ಹೆಂಡತಿ ರಾಜೇಶ್ವರಮ್ಮನಿಗೆ ನೆನಪಿಲ್ಲ. ಕಾಲಿಗೆ ಪ್ಲಾಸ್ಟರ್ ಇದ್ದಾಗ ಬರೀ ಕತ್ತು ತಿರುಗುತ್ತಿತ್ತು. ಬಿಚ್ಚಿದ ಮೇಲೆ ಇಡೀ ಮೈ ತಿರುಗಿತು. ಬಾಗಿಲು, ಬೀದಿ, ಬೀದಿಯಲ್ಲಿ ಹೋಗುವ ದನ, ಲಾರಿ, ಜನ ಎಲ್ಲವೂ ಅವನ ಬೆನ್ನಿಗೆ ಬಿದ್ದವು. ಎದುರಿಗೆ ಉಳಿದದ್ದು ಸುಣ್ಣದ ಗೋಡೆ, ಅದರಲ್ಲೊಂದು ಬಿರುಕು.

ಅವನು ದನದ ದಲಾಲಿ. ಶಿಕಾರಿಪುರದ ಸಂತೆಯಲ್ಲಿ ಬೇವಿನ ಮರದ ಬುಡದಲ್ಲಿ ನಿಂತು, ಕೊಡುವವನ ಕೈಯನ್ನೂ ಕೊಳ್ಳುವವನ ಕೈಯನ್ನೂ ಒಂದಾದ ಮೇಲೊಂದರಂತೆ ತನ್ನ ಹೆಗಲ ವಲ್ಲಿಯ ಕೆಳಗೆ ಎಳೆದುಕೊಂಡು, ಬೆರಳು ಹಿಡಿದು ಬೆಲೆ ಮಾಡುವುದು ಅವನ ಕೆಲಸ. ಬಾಯಿ ಮಳೆಯ ಬಗ್ಗೆ, ಮದುವೆಯ ಬಗ್ಗೆ ಮಾತಾಡುತ್ತಿರುತ್ತದೆ. ಬೆಲೆ ಬಟ್ಟೆಯ ಕೆಳಗೆ ನಡೆಯುತ್ತದೆ. ಸುತ್ತ ನಿಂತವರಿಗೆ ಎರಡು ಕೈ ಮಿಸುಕುವುದು ಕಾಣುತ್ತದೆ, ಎಷ್ಟು ಎಂಬುದು ಗೊತ್ತಾಗುವುದಿಲ್ಲ.

ದೀಪಾವಳಿಯ ಹಿಂದಿನ ಸಂತೆಯಲ್ಲಿ ಬೆದರಿದ ಎತ್ತೊಂದು ಅವನನ್ನು ಲಾರಿಗೆ ಒತ್ತಿ ಹಿಡಿಯಿತು. ತೊಡೆಯ ಮೂಳೆ ಮುರಿಯಿತು. ಶಿವಮೊಗ್ಗದ ಆಸ್ಪತ್ರೆ, ಆಮೇಲೆ ಮನೆಯ ಮಂಚ. ಶಿವರಾತ್ರಿ ಕಳೆದು ಬಿಸಿಲು ಬಲಿಯುವ ಹೊತ್ತಿಗೆ ಡಾಕ್ಟರು ಮೂಳೆ ಕೂಡಿದೆ ಎಂದರು. "ಊರುಗೋಲು ಹಿಡಿದು ಅಷ್ಟಷ್ಟೇ ನಡೀರಿ. ಇನ್ನೂ ಮಲಗಿದ್ರೆ ಮಲಗೇ ಬಿಡ್ತೀರಿ." ಊರುಗೋಲು ಬಂದ ದಿನ ಎಲ್ಲಿ ಒರಗಿಸಿದ್ದರೋ ಅಲ್ಲೇ ನಿಂತಿತ್ತು. ರಾಜೇಶ್ವರಮ್ಮ ಅದರ ಮೇಲೆ ಒದ್ದೆ ಬಟ್ಟೆ ಒಣಹಾಕತೊಡಗಿದ್ದಳು.

ನೋಡಲು ಬರುವವರಿಗೆ ಕೊರತೆ ಇರಲಿಲ್ಲ. ಬ್ರೆಡ್ಡು, ಬಾಳೆಹಣ್ಣು, ಜೊತೆಗೆ ಒಬ್ಬೊಬ್ಬರ ಬಾಯಲ್ಲೂ ಒಂದೊಂದು ಮುರಿದ ಕಾಲಿನ ಕತೆ.

"ನಮ್ಮ ಉಡುತಡಿ ಬೀಗರಿಗೂ ಹಿಂಗೇ ಆಗಿತ್ತು. ಪಾಪ, ಆಮೇಲೆ ಅವರು ಎದ್ದೇ ಇಲ್ಲ," ಎಂದಳು ಪಕ್ಕದ ಮನೆಯ ಲೋಕಮ್ಮ, ಬಿಸ್ಕತ್ತಿನ ಪೊಟ್ಟಣವನ್ನು ದಿಂಬಿನ ಹತ್ತಿರ ಇಡುತ್ತ. "ಹಂಗಂತ ನೀವು ಧೈರ್ಯ ಬಿಡಬ್ಯಾಡ್ರಿ ಮತ್ತೆ."

"ಆರಾಮ ಅದೀನಿ," ಎಂದ ಬೆನಕಪ್ಪ, ಗೋಡೆಗೆ.

ಕತೆ ಹೇಳದೆ ಹೋಗುತ್ತಿದ್ದವನು ಜಯಪ್ಪ ಒಬ್ಬನೇ. ಅವನೂ ದಲಾಲಿ, ಬೆನಕಪ್ಪನ ಕೈಕೆಳಗೇ ಕೆಲಸ ಕಲಿತವನು. ಸಂತೆ ಮುಗಿಸಿ ಬಂದು ಮಂಚದ ಅಂಚಿನಲ್ಲಿ ಕೂತು, ತನ್ನ ವಲ್ಲಿಯನ್ನು ಬೆನಕಪ್ಪನ ಕೈಮೇಲೆ ಹಾಕಿ, ಅದರ ಕೆಳಗೆ ಸ್ವಲ್ಪ ಹೊತ್ತು ಕೈ ಹಿಡಿದುಕೊಂಡು ಎದ್ದು ಹೋಗುತ್ತಿದ್ದ. ಒಂದು ಸಂಜೆ ರಾಜೇಶ್ವರಮ್ಮ ಅವನನ್ನು ಅಡುಗೆಮನೆಯ ಬಾಗಿಲಲ್ಲಿ ನಿಲ್ಲಿಸಿದಳು.

"ಮನೇಲಿ ದನ ಇಲ್ಲ, ಕರ ಇಲ್ಲ. ಏನು ವ್ಯಾಪಾರ ಮಾಡ್ತೀರಿ ಇಬ್ಬರೂ?"

ಜಯಪ್ಪ ಕತ್ತಿನ ಹಿಂದೆ ಕೆರೆದುಕೊಂಡ. "ಬಾಯಲ್ಲಿ ಕೇಳಿದ್ರೆ ಅಣ್ಣ ಆರಾಮ ಅಂತಾನಕ್ಕ. ಅದಕ್ಕೆ ಹಿಂಗೆ ಕೇಳ್ತೀನಿ. ಐದೂ ಬೆರಳು ಹಿಡಿದ್ರೆ ಮನಸ್ಸು ಗಟ್ಟಿ ಐತಿ ಅಂತ. ಒಂದು ಹಿಡಿದ್ರೆ, ಇವತ್ತು ಯಾಕಾದ್ರೂ ಬೆಳಕು ಹರೀತೋ ಅಂತ."

"ಇವತ್ತು ಎಷ್ಟು ಅಂದ್ರು?"

"ಅದನ್ನ ಕೇಳಬ್ಯಾಡ. ವಲ್ಲಿ ಕೆಳಗಿಂದು ಹೊರಗೆ ಹೇಳೋದಲ್ಲ."

ಮರುದಿನ ಬೆಳಿಗ್ಗೆ ಕಾಫಿ ಕೊಟ್ಟ ಮೇಲೆ ಅವಳು ಗೂಟದಲ್ಲಿದ್ದ ಅವನ ವಲ್ಲಿಯನ್ನು ತಂದಳು. ಮದುವೆಯಾದಾಗಿನಿಂದ ಅದನ್ನು ಒಗೆದಿದ್ದಳು, ಮಡಚಿದ್ದಳು. ಅದರ ಕೆಳಗೆ ಕೈ ಇಟ್ಟಿರಲಿಲ್ಲ. ಸಂತೆಯಲ್ಲಿ ಹೆಂಗಸರು ಯಾರೂ ಇಡುತ್ತಿರಲಿಲ್ಲ.

"ಏನಿದು?"

"ಸುಮ್ನೆ ಕೈ ಕೊಡ್ರೀ."

ಅವನ ತುಟಿಯ ಒಂದು ಕೊನೆ ಅಲುಗಿತು. ಬಟ್ಟೆಯ ಕೆಳಗೆ ಅವಳ ಮೂರು ಬೆರಳು ಹಿಡಿದ.

ಮೂರು! ಆ ದಿನ ಅವಳು ಶಾವಿಗೆ ಪಾಯಸ ಮಾಡಿದಳು. ಮಾರನೆಯ ದಿನವೂ ಮೂರು. ಆಮೇಲೆ ನಾಲ್ಕು. ಲೋಕಮ್ಮನಿಗೆ, ನಲ್ಲಿಗೆ ಬಂದ ಉಳಿದವರಿಗೆ, "ಈಗ ಪರವಾಗಿಲ್ಲ, ಬಹಳ ಗೆಲುವಾಗವ್ರೆ," ಎಂದಳು. ತಟ್ಟೆಯಲ್ಲಿ ಅರ್ಧ ರೊಟ್ಟಿ ಹಾಗೇ ವಾಪಸ್ಸು ಬರುತ್ತಿತ್ತು. ರೇಡಿಯೋದ ಸೆಲ್ಲು ಮುಗಿದು ಎಷ್ಟೋ ದಿನವಾಗಿದ್ದರೂ ಅವನು ಕೇಳಿರಲಿಲ್ಲ. ಗಡ್ಡ ಬೆಳೆದಿತ್ತು. ಅವಳು ಅದನ್ನೆಲ್ಲ ನೋಡಿದಳು. ಆದರೆ ಬೆರಳು ನಾಲ್ಕು ಎನ್ನುತ್ತಿತ್ತು, ಅವಳಿಗೆ ಬೆರಳನ್ನು ನಂಬುವ ಆಸೆ ಇತ್ತು.

ಮುಂದಿನ ಸಂತೆಯ ಸಂಜೆ ಜಯಪ್ಪ ಹೊರಡುವಾಗ ಅವನ ಕೈಯಲ್ಲಿ ಬೆನಕಪ್ಪನ ಬಿದಿರಿನ ಕೋಲಿತ್ತು. ತುದಿಗೆ ಹಿತ್ತಾಳೆ ಕಟ್ಟಿದ, ಸಂತೆಗೆ ಹೋಗುವಾಗ ಹಿಡಿಯುತ್ತಿದ್ದ ಕೋಲು. ಅವನು ಅದನ್ನು ಎತ್ತಲೂ ಆಗದೆ ಇಳಿಸಲೂ ಆಗದೆ ಹಿಡಿದಿದ್ದ.

"ತಗೊಂಡು ಹೋಗು ಅಂದ ಅಣ್ಣ. ಬೇವಿನ ಮರದ ಬುಡಾನೂ ಇನ್ನು ನಿಂದೇ ಅಂದ. ನನಗ್ಯಾಕೋ ಸರಿ ಕಾಣ್ಲಿಲ್ಲಕ್ಕ. ಎಲ್ಲಾ ಹಂಚಿಕೊಟ್ಟು ಹೊರಟೋರ ಹಂಗೆ ಮಾತಾಡಿದ."

"ಬೆಳಿಗ್ಗೆ ನನಗೆ ನಾಲ್ಕು ಅಂದ್ರಲ್ಲೋ!"

"ನೀನು ಏನು ಮಾಡಿದೆ?"

"ಏನು ಮಾಡ್ತಾರೆ? ಒಳ್ಳೇದಾಯ್ತು ಅಂದೆ."

ಜಯಪ್ಪ ಅವಳನ್ನೇ ನೋಡಿದ. "ಅಕ್ಕಾ, ದಲಾಲಿ ಹೆಂಡತಿ ನೀನು. ಮೊದಲನೇ ಬೆರಳಿಗೇ ವ್ಯಾಪಾರ ಮುಗಿಸ್ತಾರಾ ಯಾರಾದ್ರೂ? ಮೊದಲು ಹಿಡಿಯೋ ಬೆರಳು ಮಾತು ಶುರು ಮಾಡೋದಕ್ಕೆ. ಅದು ನಿಜ ಅಲ್ಲ ಅಂತ ಇಬ್ಬರಿಗೂ ಗೊತ್ತಿರ್ತೈತಿ. ಒಂದೇ ಸಲಕ್ಕೆ ಒಪ್ಪಿ ಎದ್ದು ಹೋದ್ರೆ, ಇವನಿಗೆ ಕೊಳ್ಳೋ ಮನಸ್ಸೇ ಇಲ್ಲ ಅಂದುಕೋತಾರೆ."

ಅವಳು ಕೋಲನ್ನು ಅವನ ಕೈಯಿಂದ ತೆಗೆದುಕೊಂಡು ಬಾಗಿಲ ಹಿಂದೆ ಇಟ್ಟಳು.

ಬೆಳಿಗ್ಗೆ ಲೋಕಮ್ಮ ಯಾರೋ ನೆಂಟರನ್ನು ಕರೆದುಕೊಂಡು ಬಂದಾಗ ರಾಜೇಶ್ವರಮ್ಮ ಹೊಸ್ತಿಲಲ್ಲೇ ನಿಂತು, "ಮಲಗವ್ರೆ, ಇನ್ನೊಂದು ದಿನ ಬರ್ರಿ," ಎಂದಳು. ಬಾಗಿಲು ಹಾಕಿದಳು. ವಲ್ಲಿ ತಂದು ಕೂತಳು. ಅವನು ನಾಲ್ಕು ಬೆರಳು ಹಿಡಿದ. ಅವಳು ಬಿಡಿಸಿಕೊಂಡು ತಲೆ ಅಲ್ಲಾಡಿಸಿದಳು.

"ಇಳೀರಿ."

"ಏನು?"

"ಇಳೀರಿ ಅಂದೆ. ಇದು ಸಂತೆಗೆ ಹೇಳೋ ಬೆಲೆ."

ಅವನು ಕೈ ಎಳೆದುಕೊಳ್ಳಲು ನೋಡಿದ. ಅವಳು ಬಿಡಲಿಲ್ಲ. ಮೂರು ಹಿಡಿದ. ಅವಳು ಮತ್ತೆ ಬಿಡಿಸಿಕೊಂಡಳು.

"ಯಾರು ಕಲಿಸಿದ್ರು ನಿನಗೆ ಚೌಕಾಸಿ?"

"ಬಾಳಿದ್ದು ದಲಾಲಿ ಜೊತೆಗಲ್ವಾ."

ಎರಡು. ಅವಳು ಅದನ್ನೂ ಬಿಡಿಸಿಕೊಂಡಳು. ಒಂದು. ಆ ಒಂದು ಬೆರಳನ್ನು ಅವನು ಬಹಳ ಹೊತ್ತು ಹಿಡಿದುಕೊಂಡಿದ್ದ. ಆಮೇಲೆ ಅದನ್ನೂ ಬಿಟ್ಟ. ಅವನ ಅಂಗೈ ಅವಳ ಅಂಗೈ ಮೇಲೆ ಏನನ್ನೂ ಹಿಡಿಯದೆ ಬಿದ್ದಿತ್ತು.

ಏನೂ ಆಗಲ್ಲ, ಎಲ್ಲ ಸರಿ ಹೋಗುತ್ತೆ ಎಂಬ ಮಾತು ಅವಳ ನಾಲಿಗೆಯವರೆಗೆ ಬಂತು. ಬಂದವರೆಲ್ಲ ಹೇಳಿ ಹೋದ ಮಾತು. ಅವಳು ನುಂಗಿಕೊಂಡಳು. ಕೈ ಮಾತ್ರ ಹಿಡಿದಿದ್ದಳು.

"ಬೆಳಿಗ್ಗೆ ಎದ್ದ ಕೂಡ್ಲೆ ಸಂಜಿ ಯಾವಾಗ ಆಗ್ತೈತಿ ಅಂತ ನೋಡ್ತೀನಿ," ಎಂದ ಬೆನಕಪ್ಪ. "ಸಂಜಿ ಆದ್ರೆ, ಮತ್ತೆ ಬೆಳಗಾಗ್ತೈತಲ್ಲ ಅಂತ. ಕಾಲಿಂದು ಹೆದರಿಕೆ ಅಲ್ಲ. ಕಾಲು ನೆಟ್ಟಗಾಗಿ ಎದ್ದು ನಿಂತೇ ಬಿಟ್ರೆ? ಸಂತಿ ನಾನಿಲ್ದೇನೂ ನಡೆದೈತಿ. ಅಲ್ಲಿ ಹೋಗಿ ಏನಂತ ನಿಲ್ಲಲಿ?"

ಅವಳು ಜಾರುತ್ತಿದ್ದ ವಲ್ಲಿಯನ್ನು ಅವನ ಕೈಮೇಲೆ ಸರಿಮಾಡಿದಳು.

"ಮುಂದಿನ ಸಲ ಶಿವಮೊಗ್ಗಕ್ಕೆ ಹೋದಾಗ ಡಾಕ್ಟರಿಗೆ ಇದನ್ನೂ ಹೇಳೋಣ," ಎಂದಳು.

"ಇದಕ್ಕೆ ಬೇರೆ ಡಾಕ್ಟರು, ಹುಚ್ಚಿನ ಡಾಕ್ಟರು ಅಂತಾರೆ."

"ಅವರ ಹತ್ರಾನೂ ಹೋಗೋಣ. ಬಸ್ಸು ಅದೇ ಅಲ್ವಾ."

ಅವನು ನಕ್ಕನೋ ಕೆಮ್ಮಿದನೋ ಗೊತ್ತಾಗಲಿಲ್ಲ. ಅವಳು ಎದ್ದು ದಿಂಬನ್ನು ಕಾಲಿನ ಕಡೆಗೆ ಹಾಕಿದಳು. ನೋವಿಲ್ಲದ ಮಗ್ಗುಲಿಗೆ ಮಾತ್ರ ಅವನು ಮಲಗಬಲ್ಲ. ತಲೆ ಈ ಕಡೆಗೆ ಬಂದರೆ ಅದೇ ಮಗ್ಗುಲಿಗೆ ಬಾಗಿಲು ಕಾಣುತ್ತದೆ. ಇಷ್ಟು ದಿನ ಇದು ಯಾರಿಗೂ ಹೊಳೆದಿರಲಿಲ್ಲ.

ಒಮ್ಮೆಗೇ ಏನೂ ಬದಲಾಗಲಿಲ್ಲ. ಕೆಲವು ಬೆಳಿಗ್ಗೆ ಒಂದು ಬೆರಳು, ಕೆಲವು ಬೆಳಿಗ್ಗೆ ಬರೀ ಅಂಗೈ. ಆದರೆ ಸುಳ್ಳು ನಾಲ್ಕು ನಿಂತಿತು. ಏನೂ ಇಲ್ಲದ ದಿನ ಅವಳು ಅವನ ಪಕ್ಕದಲ್ಲೇ ಕೂತು ಅಕ್ಕಿ ಆರಿಸುತ್ತಿದ್ದಳು. ಒಂದು ಬೆರಳಿನ ದಿನ ಗಡ್ಡ ಕೆರೆಯಲು ಬಿಸಿನೀರು ತಂದಿಡುತ್ತಿದ್ದಳು. ರೇಡಿಯೋಕ್ಕೆ ಸೆಲ್ಲು ಬಂತು. ಮಲಗಿದಲ್ಲಿಂದಲೇ ಅವನು ಬೀದಿಯ ಎತ್ತುಗಳನ್ನು ನೋಡಿ ಒಮ್ಮೊಮ್ಮೆ ಗೊಣಗುತ್ತಿದ್ದ: "ಆ ಬಲಗಡೆಯದಕ್ಕೆ ಲಾಳ ಸರಿ ಹೊಡೆದಿಲ್ಲ."

ಹೀಗಿರುವಾಗ ಒಂದು ಬೆಳಿಗ್ಗೆ ಅವನು ತನ್ನ ಬೆಲೆ ಹೇಳಿ ಮುಗಿಸಿದ ಮೇಲೂ ಅವಳ ಕೈ ಬಿಡಲಿಲ್ಲ.

"ನಿಂದು?"

"ನಂದೇನು?"

"ನಿಂದೆಷ್ಟು ಅಂತ."

ಅವಳು ಯೋಚಿಸದೆ ಅವನ ನಾಲ್ಕು ಬೆರಳು ಹಿಡಿದಳು. ಅವನು ಬಿಡಿಸಿಕೊಂಡ. ಅವನ ಮುಖ ಬೇರೆಯಾಗಿತ್ತು, ಮರದ ಬುಡದಲ್ಲಿ ನಿಂತಾಗಿನ ಮುಖ. ಮೂರು ಎಂದಳು. ಅವನು ಒಪ್ಪಲಿಲ್ಲ. ಎರಡಕ್ಕೂ ಒಪ್ಪಲಿಲ್ಲ. ಒಂದು ಬೆರಳಿನಲ್ಲಿ ನಿಂತಳು. ಅವನು ಮತ್ತೆ ಬಿಡಿಸಿಕೊಳ್ಳಲಿಲ್ಲ. ದಲಾಲಿಗೆ ನಿಜವಾದ ಬೆಲೆ ಕೈಯಲ್ಲೇ ಗೊತ್ತಾಗುತ್ತದೆ.

ದೀಪಾವಳಿಯಿಂದ ಅವಳೂ ಆಸ್ಪತ್ರೆಗೆ ಬಿಟ್ಟರೆ ಬೀದಿಯ ನಲ್ಲಿ ದಾಟಿ ಹೋಗಿರಲಿಲ್ಲ. ಹೊಸಬಾಳೆಯಲ್ಲಿ ತಂಗಿ ಗಂಗಾಶ್ರೀಗೆ ಮಗುವಾಗಿತ್ತು. ನಾಮಕರಣಕ್ಕೆ ಹೇಳಿಕಳಿಸಿದ್ದರು. ಅದನ್ನು ಅವನಿಗೆ ಹೇಳಿರಲಿಲ್ಲ. ಈಗ ಹೇಳಿದಳು.

"ಯಾವತ್ತು?"

"ನಾಳೆ. ಬರಲ್ಲ ಅಂತ ಹೇಳಿ ಕಳಿಸಾಯ್ತು."

"ಹೋಗಿ ಬಾ."

"ನಿಮ್ಮನ್ನ ಒಬ್ಬರನ್ನೇ ಬಿಟ್ಟು ಹೋಗೋಕೆ ಮನಸ್ಸು ಬರ್ತದಾ ನನಗೆ?"

"ಜಯಪ್ಪ ಬರ್ತಾನ. ಇಡೀ ದಿನ ಕೂತಿರು ಅಂತ ಹೇಳಿಕಳಿಸು. ಅವನಿದ್ದ ಮೇಲೆ ನಾನೇನು ಕರುವಾ, ನೀನೇ ಕಾಯೋದಕ್ಕೆ?"

ಅವಳು ಬಾಗಿಲ ಕಡೆ ನೋಡಿದಳು. ಊರುಗೋಲಿನ ಮೇಲೆ ಅವಳದೇ ಸೀರೆ ಒಣಗುತ್ತಿತ್ತು.

"ಹೊಸ್ತಿಲ ತನಕ ನಡೆದು ಬಂದು ಕಳಿಸಿಕೊಡ್ರಿ. ಹೋಗ್ತೀನಿ."

"ಜಾಸ್ತಿ ಕೇಳ್ತೀಯ."

"ಕಮ್ಮಿ ಮಾಡಲ್ಲ."

"ಮಂಚದ ಕಾಲ ತನಕ."

"ಹೊಸ್ತಿಲು."

"ನಡುಮನೆ ಕಂಬ."

ಅವಳು ಹೊಸ್ತಿಲ ಕಡೆ ಗಲ್ಲ ತೋರಿಸಿದಳು. ಅವನು ಬಾಗಿಲನ್ನು ಅಳೆಯುವವನಂತೆ ನೋಡಿದ. ಬಟ್ಟೆಯ ಕೆಳಗೆ ಅವಳ ಅಂಗೈಗೆ ಒಂದು ಪೆಟ್ಟು ಕೊಟ್ಟ. ವ್ಯಾಪಾರ ಕುದುರಿದಾಗ ಕೊಡುವ ಪೆಟ್ಟು.

ಬೆಳಿಗ್ಗೆ ಜಯಪ್ಪ ಬಂದು ಒಂದು ಕಡೆ ನಿಂತ. ಮುಟ್ಟಬೇಡ ಎಂದು ಅವನಿಗೆ ಹೇಳಿದ್ದರು. ಬೆನಕಪ್ಪ ಊರುಗೋಲು ಊರಿ ಎದ್ದ. ಕಾಲು ನಡುಗಿತು. ಕಂಬದ ಹತ್ತಿರ ನಿಂತು ಬೆವರು ಒರೆಸಿಕೊಂಡ. ಅಲ್ಲಿಂದ ಮುಂದೆ ಬರುವುದಿಲ್ಲವೇನೋ ಎಂದು ರಾಜೇಶ್ವರಮ್ಮ ಕೈಚೀಲ ಕೆಳಗಿಡಲು ಹೋದಳು.

"ಹಿಡ್ಕೋ ಅದನ್ನ," ಎಂದ. ಹೊಸ್ತಿಲಿಗೆ ಬಂದ. ಬಿಸಿಲಿಗೆ ಕಣ್ಣು ಕಿರಿದು ಮಾಡಿದ. "ಬಸ್ಸು ತಪ್ಪಿಸ್ಕೋಬ್ಯಾಡ."

ಸೊರಬದ ಬಸ್ಸಿನಲ್ಲಿ ಅವಳಿಗೆ ಕಿಟಕಿಯ ಸೀಟು ಸಿಕ್ಕಿತು. ಗದ್ದೆ, ಕೆರೆಯ ಏರಿ, ತಲೆಯ ಮೇಲೆ ಹುಲ್ಲಿನ ಹೊರೆ ಹೊತ್ತ ಹೆಂಗಸರು. ಎಲ್ಲ ಇದ್ದಲ್ಲೇ ಇದ್ದವು. ಹೊಸಬಾಳೆಯಲ್ಲಿ ಮಗುವನ್ನು ಎತ್ತಿಕೊಂಡಳು, ಪಾಯಸ ಉಂಡಳು, ಮಧ್ಯಾಹ್ನ ತಂಗಿಯ ಮನೆಯ ತಣ್ಣನೆ ನೆಲದ ಮೇಲೆ ಒರಗಿದವಳು ನಿದ್ದೆ ಹೋದಳು. ಯಾರೂ ಕರೆಯಲಿಲ್ಲ. ಎದ್ದಾಗ ಒಂದು ಕ್ಷಣ ತಾನು ಎಲ್ಲಿದ್ದೇನೆಂದು ತಿಳಿಯಲಿಲ್ಲ. ಅದು ಹಿತವಾಗಿತ್ತು.

ಸಂಜೆ ವಾಪಸ್ಸು ಬಂದಾಗ ಬೆನಕಪ್ಪ ಹೊರಗೆ ಕಟ್ಟೆಯ ಮೇಲೆ ಕೂತಿದ್ದ, ಕಾಲು ನೀಡಿಕೊಂಡು, ಊರುಗೋಲು ಪಕ್ಕದಲ್ಲಿ. ಅವಳು ಬಂದ ಮೇಲೆ ಜಯಪ್ಪ ಬೀಡಿ ತರಲು ಹೋದ. ಅವಳು ಕೈಚೀಲ ಇಟ್ಟು ಕೂತಳು. ಅವನು ಹೆಗಲಿನಿಂದ ವಲ್ಲಿ ತೆಗೆದು ಇಬ್ಬರ ಕೈಮೇಲೆ ಹಾಕಿದ. ಅವಳ ಎರಡು ಬೆರಳು ಹಿಡಿದ.

"ಎರಡಾ?" ಅವಳು ಬಿಡಿಸಿಕೊಳ್ಳಲು ನೋಡಿದಳು.

"ಎರಡೇ. ಇವತ್ತು ಚೌಕಾಸಿ ಇಲ್ಲ."

ಅವಳು ಅವನ ಮುಖ ನೋಡಿದಳು. ಕಣ್ಣು ಕೆಂಪಾಗಿತ್ತು, ದಣಿದಿತ್ತು. ಎರಡು ಸರಿಯಾಗಿಯೇ ಇತ್ತು. ಅವಳು ತನ್ನದನ್ನೂ ಹೇಳಿದಳು, ಅವನು ಒಪ್ಪಿಕೊಂಡ.

ಲೋಕಮ್ಮ ಕೊಡ ಹೊತ್ತು ನಲ್ಲಿಯಿಂದ ಬರುತ್ತಿದ್ದವಳು ನಿಂತೇ ಬಿಟ್ಟಳು. "ಅಯ್ಯೋ ಶಿವನೇ! ರಾಜಕ್ಕ, ಎಲ್ಲರ ಕಣ್ಣೆದುರೇ ಬೀದೀಲಿ ಗಂಡ ಹೆಂಡ್ತಿ ಯಾವ ಎತ್ತು ಮಾರೋಕೆ ಕೂತೀರಿ?"

ರಾಜೇಶ್ವರಮ್ಮ ಕೈ ಎಳೆದುಕೊಳ್ಳಲು ಹೋದಳು. ಬೆನಕಪ್ಪ ಬಿಡಲಿಲ್ಲ.

"ಎಷ್ಟಕ್ಕೆ ಮುಗೀತ್ರೀ, ಬೆನಕಪ್ಪನೋರೆ?"

"ಅದನ್ನ ಕೇಳಬ್ಯಾಡವ್ವ," ಎಂದ ಬೆನಕಪ್ಪ. "ವಲ್ಲಿ ಕೆಳಗಿಂದು ಹೊರಗೆ ಹೇಳೋದಲ್ಲ."