ಶಿಗೆಜೊ ಲಾಂಡ್ರಿಯ ಕಾಗದಗಳು

ಚಿಸಾತೊ 'ದೇಹ' ಎಂಬ ಚೀಟಿ ಅಂಟಿಸಿದ ಇನ್ನೊಂದು ಹ್ಯಾಂಗರನ್ನು ಕಂಬಿಯಿಂದ ಎಳೆದು, ಅದರ ಪ್ಲಾಸ್ಟಿಕ್ ಕವರನ್ನು ತಲೆಕೆಳಗು ಮಾಡಿ ಕೊಡವಿದಳು. ಆಸ್ಪತ್ರೆಯ ಚೀಟಿ, ಕನ್ನಡಕದಂಗಡಿಯ ರಸೀದಿ, ಹಲ್ಲಿನ ಎಕ್ಸ್‌ರೇ ಇಸ್ತ್ರಿ ಮೇಜಿನ ತುಂಬ ಚೆಲ್ಲಾಡಿದವು. ಸಮಾಧಿಯ ಪತ್ರ ಮಾತ್ರ ಇರಲಿಲ್ಲ.

"ಇದ್ರಲ್ಲೂ ಇಲ್ಲ ಅತ್ತೆ!"

"ಸರಿಯಾಗಿ ನೋಡೇ. ಸತ್ತ ಮೇಲೆ ಮಣ್ಣಿಗೆ ಹೋಗೋದು ದೇಹ ತಾನೆ? 'ದೇಹ'ದಲ್ಲೇ ಇರ್ಬೇಕು," ಎಂದಳು ಮಿತ್ಸು, ತೀರಿಕೊಂಡ ಶಿಗೆಜೊನ ತಂಗಿ. ಕಪ್ಪು ಕಿಮೊನೊದ ತೋಳು ಮೇಲೇರಿಸಿಕೊಂಡು ಅವಳೂ ಕಾಗದಗಳ ನಡುವೆ ನೆಲದ ಮೇಲೆ ಕೂತಿದ್ದಳು.

ಶಿಗೆಜೊ ಗಲ್ಲಾದ ಮೇಲಿದ್ದ, ಬಿಳಿ ಬಟ್ಟೆ ಸುತ್ತಿದ ಮಡಕೆಯಲ್ಲಿ. ಬೆಳಿಗ್ಗೆ ದಹನವಾಗಿತ್ತು, ಮಧ್ಯಾಹ್ನ ಭಿಕ್ಷುಗಳ ಮಂತ್ರ ಮುಗಿದಿತ್ತು. ಉತ್ತರ ಜಪಾನಿನ ಈ ಹಚಿನೊಹೆಯ ಕಡೆ ಅಸ್ಥಿಯನ್ನು ಅದೇ ದಿನ ಸಮಾಧಿಗೆ ಸೇರಿಸುವವರೇ ಹೆಚ್ಚು. ಆದರೆ ಗುಡ್ಡದ ಸ್ಮಶಾನದ ಕಚೇರಿಯವನು ಫೋನಿನಲ್ಲಿ ಖಡಾಖಂಡಿತವಾಗಿ ಹೇಳಿದ್ದ: ಮೂಲ ಪತ್ರ ತೋರಿಸದೆ ಕಲ್ಲು ಸರಿಸುವಂತಿಲ್ಲ. ಸಂಜೆಯಿಂದ ಭಾರೀ ಹಿಮ ಎಂದು ರೇಡಿಯೊ ಬೇರೆ ಬಡಿದುಕೊಳ್ಳುತ್ತಿತ್ತು. ಬಿದ್ದರೆ ಗುಡ್ಡದ ದಾರಿ ತೆರೆಯುವುದು ವಸಂತಕ್ಕೇ.

"ಅಲ್ಲೀತನಕ ಗಲ್ಲಾ ಮೇಲೇ ಇರ್ಲಿ ಬಿಡಿ," ಎಂದ ಪಕ್ಕದ ಮೀನಂಗಡಿಯ ತೊರಾಜಿ. "ಬದುಕಿದ್ದಾಗ್ಲೂ ಅಲ್ಲೇ ಕೂತಿದ್ದ."

"ಆಗಲ್ಲ ಮಾಮ. ಈ ಚಳಿಗಾಲ ನಿಮ್ಮಮ್ಮನ ಜೊತೆನೇ ಅಂತ ಅಪ್ಪ ನನ್ ಕೈ ಹಿಡ್ಕೊಂಡು ಹೇಳಿದಾರೆ. ಹೂಂ ಅಂದಿದೀನಿ."

ತೊರಾಜಿ ಕೋಟು ಬಿಚ್ಚಿ, ಒಂದು ಹ್ಯಾಂಗರು ಇಳಿಸಿದ. ಮರುಕ್ಷಣವೇ ಕಿರುಚಿದ. "ಅಯ್ಯೋ ಇವ್ನ! ಇದೆಲ್ಲ ನಾನು ಇವ್ನಿಗೆ ಬರ್ದ ಕಾಗ್ದ! ಇವನ ಯಂತ್ರದ ಹಬೆ, ನನ್ನ ಮೀನಿನ ವಾಸನೆ... ಒಂದೂ ಬಿಸಾಕಿಲ್ಲ!"

"ಅದು 'ಜಗಳ' ಕಣೋ," ಎಂದಳು ಮಿತ್ಸು. "ಆಸೆಯಾದ್ರೆ ಮನೆಗೆ ತಗೊಂಡ್ಹೋಗಿ ಓದ್ಕೋ. ಈಗ ಮುಂದಿಂದು ಇಳ್ಸು!"

* * *

ಯಾರ ಅಂಗಿ ಯಾವ ಕಂಬಿಯಲ್ಲಿದೆ ಎಂಬುದು ಶಿಗೆಜೊಗೆ ಕಣ್ಣು ಮುಚ್ಚಿಕೊಂಡೂ ಗೊತ್ತಿತ್ತು. ಮನೆಯ ಕಾಗದಗಳು ಮಾತ್ರ ಅಕ್ಕಿ ಡಬ್ಬ, ದಿಂಬಿನಡಿ, ಹಳೇ ಬೂಟು, ಎಲ್ಲೆಂದರಲ್ಲಿ. ಒಂದು ವರ್ಷ ತೆರಿಗೆಯ ಕಾಲಕ್ಕೆ ಅಂಗಡಿಯ ರಸೀದಿಗಳೆಲ್ಲ ಅವನದೇ ಕೋಟಿನ ಜೇಬಿನಲ್ಲಿ ಒಗೆತಕ್ಕೆ ಸಿಕ್ಕಿ ಮುದ್ದೆಯಾಗಿ ಬಂದವು.

ಹೆಂಡತಿ ತೊಯೊ ಆ ಮುದ್ದೆಯನ್ನು ತಟ್ಟೆಯಲ್ಲಿಟ್ಟು ಬಡಿಸಿದಳು. "ಊರೋರ ಚಡ್ಡಿಗೂ ಚೀಟಿ ಅಂಟಿಸ್ತೀರ. ನಮ್ ಕಾಗ್ದಕ್ಕೆ ಒಂದ್ ಹ್ಯಾಂಗರ್ ಗತಿ ಇಲ್ವಾ?"

ಅಂದೇ ಐದು ಹ್ಯಾಂಗರುಗಳು ತೂಗಿದವು: ಮನೆ, ಅಂಗಡಿ, ದೇಹ, ಸರ್ಕಾರ, ಜಗಳ. ವರ್ಷ ವರ್ಷವೂ ಹೊಸ ಐದು ಸೇರಿ ಹಿಂದಿನ ಕೋಣೆಯ ಕಂಬಿಗಳು ಭರ್ತಿಯಾದವು. ವರ್ಷದ ಕೊನೆಗೆ ಅಂಗಡಿಯ ಬಾಗಿಲು ಹಾಕಿ, ಸುಟ್ಟ ಬಂಗುಡೆ ತಿನ್ನುತ್ತ, ಯಾವ ಕಾಗದ ಎಲ್ಲಿಗೆ ಎಂದು ಕಿತ್ತಾಡುತ್ತ ಗಂಡ ಹೆಂಡತಿ ಕೂರುತ್ತಿದ್ದರು. ಮಗಳ ಮದುವೆಯ ಕಾಗದವನ್ನು ಶಿಗೆಜೊ ಗಂಭೀರವಾಗಿ 'ಜಗಳ'ದಲ್ಲಿ ಹಾಕಿದಾಗ, ತೊಯೊ ತಿಂದದ್ದು ನೆತ್ತಿಗೇರುವಷ್ಟು ನಕ್ಕಿದ್ದಳು.

* * *

ಕಿಟಕಿಯಾಚೆ ಮೊದಲ ಹಿಮದ ಎಸಳು ತೇಲಿತು.

"ಬಿತ್ತು! ಶುರುವಾಯ್ತು!" ಎಂದ ತೊರಾಜಿ.

'ದೇಹ'ಗಳೆಲ್ಲ ಮುಗಿದಿದ್ದವು. 'ಸರ್ಕಾರ'ವೂ ಮುಗಿಯುತ್ತ ಬಂದಿತ್ತು. ಚಿಸಾತೊ ಗಲ್ಲಾದ ಮೇಲಿನ ಮಡಕೆಯತ್ತ ತಿರುಗಿದಳು. "ಎಲ್ಲಿಟ್ರಿ ಅಪ್ಪಾ? ಒಂದು ಮಾತು ಹೇಳ್ಬಾರ್ದಿತ್ತಾ?"

ಹೇಳಿದ್ದ.

* * *

ತೊಯೊ ಆಸ್ಪತ್ರೆ ಸೇರಿದ ಶರತ್ಕಾಲ. ಚಿಸಾತೊ ಹಾಸಿಗೆಯ ಪಕ್ಕದಲ್ಲಿ ಸೇಬು ಹೆಚ್ಚುತ್ತಿದ್ದಳು. ಗುಡ್ಡ ಹತ್ತಿ ಇಳಿದು ಬಂದ ಶಿಗೆಜೊ ಏದುಸಿರು ಬಿಡುತ್ತಿದ್ದ. ಸಮಾಧಿ ಎಂಬ ಮಾತು ಅವನ ಬಾಯಿಗೆ ಬರಲಿಲ್ಲ.

"ಮನೆ ನೋಡ್ಕೊಂಡ್ ಬಂದೆ ಕಣೆ. ಪೂರ್ವಕ್ಕೆ ಮುಖ. ಸಮುದ್ರ ಕಾಣುತ್ತೆ."

ತೊಯೊ ಅವನನ್ನೇ ದಿಟ್ಟಿಸಿದಳು. "ಅಕ್ಕಪಕ್ಕದೋರು ಹೇಗೆ?"

"ಬಹಳ ಮೌನಿಗಳು."

"ಮೀನಂಗಡಿ?"

"ಇಲ್ಲ."

"ಹಾಗಾದ್ರೆ ತಗೊಂಡ್ಬಿಡಿ," ಎಂದಳು ತೊಯೊ.

* * *

"ಮನೆ!" ಚಿಸಾತೊ ಧಡಕ್ಕನೆ ಎದ್ದಳು. "ಅತ್ತೆ, 'ಮನೆ' ಹ್ಯಾಂಗರ್! ಅಮ್ಮ ತೀರಿಕೊಂಡ ವರ್ಷದ್ದು!"

ಮೂವರೂ ಒಂದೇ ಕಂಬಿಗೆ ಕೈಹಾಕಿದರು. ಕವರು ಹರಿಯಿತು. ಮಾಡಿನ ರಿಪೇರಿಯ ಚೀಟಿಗೂ ಮನೆ ಕಂದಾಯದ ರಸೀದಿಗೂ ನಡುವೆ, ಇಸ್ತ್ರಿ ಹಾಕಿದಂತೆ ಒಂದು ಮಡಿಕೆಯೂ ಇಲ್ಲದೆ, ನಗರಸಭೆಯ ಕೆಂಪು ಮೊಹರಿನ ಪತ್ರ ಕೂತಿತ್ತು. ಮಿತ್ಸು ಅಣ್ಣನ ಮಡಕೆಗೆ ಒಂದು ಪೆಟ್ಟು ಕೊಟ್ಟಳು. "ಕಳ್ಳ!" ಎಂದವಳು ಅಳುತ್ತ ನಗುತ್ತ ಅದನ್ನೇ ಅಪ್ಪಿಕೊಂಡಳು.

ತೊರಾಜಿಯ ಮೀನಿನ ವ್ಯಾನು ಗುಡ್ಡದ ತಿರುವುಗಳಲ್ಲಿ ಗುಡುಗಿತು. ಮಡಕೆ ಚಿಸಾತೊಳ ಮಡಿಲಲ್ಲಿತ್ತು, ಪತ್ರ ಅವಳ ಕೋಟಿನೊಳಗೆ. ಹಿಂದೆ ಭಿಕ್ಷುಗಳ ಪುಟ್ಟ ಕಾರು ಹಾರ್ನು ಹೊಡೆಯುತ್ತ ಬರುತ್ತಿತ್ತು.

"ನಿಧಾನ ಕಣೋ! ಇವತ್ತಿಗೆ ಒಬ್ರು ಸಾಕು!"

"ಬಾಯ್ಮುಚ್ಕೊಂಡು ಆ ಪೆಟ್ಟಿಗೆ ಹಿಡ್ಕೊ ಮಿತ್ಸು, ಮೀನೆಲ್ಲ ಚೆಲ್ಲತ್ತೆ!"

ಸ್ಮಶಾನದ ಕಚೇರಿಯವನು ಬಾಗಿಲು ಹಾಕಲು ಬೀಗ ಕೈಯಲ್ಲಿ ಹಿಡಿದಿದ್ದ. ಮಿತ್ಸು ಹೊಸ್ತಿಲ ಮೇಲೆ ಕಾಲಿಟ್ಟು ನಿಂತಳು. ಅವನು ಆ ಕಾಲನ್ನು ನೋಡಿದ, ಪತ್ರವನ್ನು ಬೆಳಕಿಗೆ ಹಿಡಿದ, ನಿಟ್ಟುಸಿರುಬಿಟ್ಟು ಮೊಹರು ತೆಗೆದ. ಅದು ಪತ್ರದ ಮೇಲೆ ಠಪ್ಪೆಂದು ಬಿದ್ದ ಸದ್ದಿಗೆ ತೊರಾಜಿ ಚಪ್ಪಾಳೆ ತಟ್ಟಿ, ಭಿಕ್ಷುಗಳ ಮುಖ ನೋಡಿ ಕೈ ಹಿಂದಕ್ಕೆ ಕಟ್ಟಿಕೊಂಡ.

ಕಲ್ಲು ಸರಿಯಿತು. ಮಡಕೆ ಇಳಿಯಿತು. ಕಲ್ಲು ಮತ್ತೆ ಕೂತಿತು.

ತೊಯೊಳ ಹೆಸರು ಕೆತ್ತಿದ ದಿನವೇ ಪಕ್ಕದಲ್ಲಿ ಶಿಗೆಜೊ ತನ್ನದನ್ನೂ ಕೆತ್ತಿಸಿದ್ದ. ಇನ್ನೂ ಬದುಕಿರುವವನ ಹೆಸರೆಂದು ಅದಕ್ಕೆ ಕೆಂಪು ಬಣ್ಣ ತುಂಬಿದ್ದರು. ಕಲ್ಲು ಸರಿಸಿಕೊಟ್ಟ ಸ್ಮಶಾನದ ಕಲ್ಲುಕುಟಿಗ ಮಂಡಿಯೂರಿ, ಸಣ್ಣ ಉಳಿಯಿಂದ ಒಂದೊಂದೇ ಗೆರೆಯ ಕೆಂಪನ್ನು ಕೆರೆಯತೊಡಗಿದ. ತೊರಾಜಿ ಅವನ ತಲೆಯ ಮೇಲೆ ಕೊಡೆ ಹಿಡಿದ. ಕೆಂಪು ಹುಡಿ ಹೊಸ ಹಿಮದ ಮೇಲೆ ಉದುರಿತು. ಅದರ ಮೇಲೆ ಇನ್ನಷ್ಟು ಹಿಮ ಬಿತ್ತು. ಕಲ್ಲಿನ ಮೇಲೆ ಎರಡು ಹೆಸರೂ ಒಂದೇ ಬಣ್ಣಕ್ಕೆ ಬಂದವು.