ಅಮ್ಮನ ಮನೆಯ ನಂಬರು

ಆರ್ವಿಲಾ ಸ್ಟ್ಯಾಂಪರ್‌ಳ ಫೋನಿಗೆ ವಾರಕ್ಕೆ ಒಂದೇ ಒಂದು ಕರೆ ಬರುತ್ತಿತ್ತು, ಅದೂ ಭಾನುವಾರ ಮಧ್ಯಾಹ್ನ ಎರಡು ಗಂಟೆಗೆ. ಮಾಡುತ್ತಿದ್ದವಳು ಅಕ್ಕ ಲೊಡೀಮಾ. ಲೊಡೀಮಾ ಇದ್ದದ್ದು ಕೊಲಂಬಸ್‌ನ ಒಂದು ವೃದ್ಧರ ಆರೈಕೆ ಮನೆಯಲ್ಲಿ. ಆರ್ವಿಲಾ ಇದ್ದದ್ದು ಓಹಾಯೊ ನದಿಯ ದಂಡೆಯ ಪೋರ್ಟ್ಸ್‌ಮತ್‌ನಲ್ಲಿ, ಹಳೆಯ ಶೂ ಕಾರ್ಖಾನೆಯ ಹಿಂದಿನ ಬೀದಿಯಲ್ಲಿ. ಆ ಕಾರ್ಖಾನೆ ಮುಚ್ಚುವವರೆಗೂ ಅವಳು ಅಲ್ಲಿ ಶೂಗಳ ಮೇಲ್ಭಾಗ ಹೊಲಿಯುತ್ತಿದ್ದಳು. ಈಗ ಎಪ್ಪತ್ತೊಂದು ವರ್ಷ. ಗಂಡ ತೀರಿಕೊಂಡು ಹದಿನಾಲ್ಕು ವರ್ಷವಾಗಿತ್ತು, ಮಕ್ಕಳಿರಲಿಲ್ಲ.

ಅಕ್ಕನಿಗೆ ಮರೆವಿನ ರೋಗ. ತನ್ನ ಗಂಡನ ಹೆಸರು ಹೋಗಿತ್ತು, ತಾನು ಬೆಳಗ್ಗೆ ಏನು ತಿಂದೆನೆಂಬುದು ಹೋಗಿತ್ತು. ಆದರೆ ಒಂದು ನಂಬರು ಮಾತ್ರ ಅವಳ ಬೆರಳಲ್ಲಿ ಉಳಿದಿತ್ತು. ಅದು ಅಮ್ಮನ ಮನೆಯ ನಂಬರು. ಅಡುಗೆಮನೆಯ ಗೋಡೆಗೆ ನೇತುಹಾಕಿದ್ದ ಕಪ್ಪು ಫೋನಿನದು. ಅಮ್ಮ ಸತ್ತು ಮನೆ ಮಾರಿಹೋದರೂ ಆರ್ವಿಲಾಳಿಗೆ ಆ ನಂಬರನ್ನು ಬಿಡಲು ಮನಸ್ಸು ಬರಲಿಲ್ಲ. ಬಡವರಿಗೆ ಸರ್ಕಾರ ಕೊಡುವ ರಿಯಾಯಿತಿ ಫೋನು ತನಗೆ ಸಿಕ್ಕಾಗ ಆ ನಂಬರನ್ನೇ ಅದಕ್ಕೆ ಹಾಕಿಸಿಕೊಂಡಳು. ಹಾಗಾಗಿ ಪ್ರತಿ ಭಾನುವಾರ ಲೊಡೀಮಾ ನರ್ಸುಗಳ ಮೇಜಿನ ಪಕ್ಕದ ಫೋನಿನಲ್ಲಿ ಯಾರನ್ನೂ ಕೇಳದೆ ಹತ್ತು ಅಂಕಿ ಒತ್ತುವಳು, ಇತ್ತ ಆರ್ವಿಲಾ ಎತ್ತುವಳು.

"ಅಮ್ಮ ಇದಾಳೇನೇ?"

"ಹಿತ್ತಲಲ್ಲಿ ಬಟ್ಟೆ ಒಣಗಿಹಾಕ್ತಾ ಇದಾಳೆ ಕಣಕ್ಕಾ. ನನ್ ಹತ್ರ ಮಾತಾಡು."

ಅಷ್ಟು ಸುಳ್ಳು ಹೇಳಿದರೆ ಅರ್ಧ ಗಂಟೆ ಮಾತು ಸಿಗುತ್ತಿತ್ತು.

ಏಪ್ರಿಲ್ ತಿಂಗಳ ಒಂದು ಮಂಗಳವಾರ ಆರ್ವಿಲಾ ಹುರುಳಿಕಾಯಿ ಡಬ್ಬಿಗಳನ್ನು ಕೊಂಡು ಅಗ್ಗದ ಅಂಗಡಿಯಿಂದ ಹೊರಬಂದಾಗ, ಗಾಡಿ ನಿಲ್ಲಿಸುವ ಜಾಗದಲ್ಲಿ ಒಂದು ನೀಲಿ ಡೇರೆ ಎದ್ದಿತ್ತು. "ಉಚಿತ ಸರ್ಕಾರಿ ಫೋನು" ಎಂಬ ಬಟ್ಟೆ ಗಾಳಿಗೆ ಪಟಪಟ ಹೊಡೆದುಕೊಳ್ಳುತ್ತಿತ್ತು. ಮೇಜಿನ ಹಿಂದೆ ನಲವತ್ತರ ಆಸುಪಾಸಿನ, ಅಂದವಾಗಿ ಗಡ್ಡ ಕತ್ತರಿಸಿಕೊಂಡ ಗಂಡಸು.

"ಅಮ್ಮಾ, ಆ ಒಡೆದ ಫೋನಲ್ಲಿ ಇನ್ನೂ ಎಷ್ಟು ದಿನ ಕಣ್ಣು ಹಾಳು ಮಾಡ್ಕೋತೀರಿ? ಬನ್ನಿ, ಹೊಸದು ಕೊಡ್ತೀನಿ. ಬಿಟ್ಟಿ."

"ನಂಗೆ ಈಗಾಗ್ಲೇ ಸರ್ಕಾರದ್ದು ಇದೆಯಪ್ಪಾ."

"ಇದ್ರೇನಂತೆ? ಇದು ಅದಕ್ಕೇ ಬರೋ ಹೊಸ ಫೋನು. ಐದು ನಿಮಿಷದ ಕೆಲಸ."

"ನಂಬರು ಅದೇ ಇರುತ್ತೆ ತಾನೆ?"

"ಅದೇ ಇರುತ್ತೆ, ಯೋಚನೇನೇ ಮಾಡ್ಬೇಡಿ."

ಅವನು ಅವಳ ಗುರುತಿನ ಚೀಟಿಯ ಫೋಟೋ ತೆಗೆದ, ಆಹಾರ ನೆರವಿನ ಕಾರ್ಡಿನ ಫೋಟೋ ತೆಗೆದ, ಸರ್ಕಾರಿ ಗುರುತಿನ ಸೋಷಿಯಲ್ ಸೆಕ್ಯುರಿಟಿ ನಂಬರಿನ ಕೊನೆಯ ನಾಲ್ಕು ಅಂಕಿ ಕೇಳಿದ. ಗಾಜಿನ ಹಲಗೆಯಂಥ ಒಂದರ ಮೇಲೆ ಬೆರಳಿನಿಂದ ಸಹಿ ಹಾಕಿಸಿಕೊಂಡ. ಬರೆದದ್ದೇನೆಂದು ಅವಳು ಬಗ್ಗಿ ನೋಡುವಷ್ಟರಲ್ಲಿ ಪುಟ ಸರಿದುಹೋಗಿತ್ತು. ಹೋಗುವಾಗ ಅವನು, "ನಮ್ಮಮ್ಮನ ಥರಾನೇ ಇದೀರಿ ನೀವು," ಎಂದ. ಅವಳಿಗೆ ಬೀದಿಯುದ್ದಕ್ಕೂ ಅದು ಹಿತವಾಗಿತ್ತು.

ಸಂಜೆಗೆ ಹಳೆಯ ಫೋನು ಸತ್ತಿತು. ಹೊಸದರಲ್ಲಿ ಕಂಡದ್ದು ಯಾವುದೋ ಗೊತ್ತಿಲ್ಲದ ನಂಬರು. ಮರುದಿನ ಹೋಗಿ ನೋಡಿದರೆ ಡೇರೆ ಇದ್ದ ಜಾಗದಲ್ಲಿ ಎಣ್ಣೆಯ ಕಲೆಗಳು ಮಾತ್ರ.

ಭಾನುವಾರ ಎರಡು ಗಂಟೆ ಬಂತು, ಹೋಯಿತು. ಆರ್ವಿಲಾ ಆರೈಕೆ ಮನೆಗೆ ತಾನೇ ಕರೆ ಮಾಡಿದಳು. ನರ್ಸು ಹೇಳಿದಳು, "ಪಾಪ, ಎರಡು ಗಂಟೆಯಿಂದ ನಾಲ್ಕು ಸಲ ಒತ್ತಿದಾರೆ. ಈ ನಂಬರು ಚಾಲ್ತಿಯಲ್ಲಿಲ್ಲ ಅಂತಿದೆ. ತಡೀರಿ, ಕರೀತೀನಿ."

"ಅಕ್ಕಾ, ನಾನು ಕಣೇ, ಆರ್ವಿಲಾ."

ಲೊಡೀಮಾ ಬಿಗಿಯಾದ ದನಿಯಲ್ಲಿ ಹೇಳಿದಳು. "ಆರ್ವಿಲಾ ಮನೇಲಿರ್ತಾಳೆ. ನಾನು ಮಾಡಿದ್ರೆ ಎತ್ತುತಾಳೆ. ನೀನ್ಯಾರು?"

"ನಾನೇ ಅಕ್ಕಾ, ಫೋನು ಬೇರೆ ಆಗಿದೆ ಅಷ್ಟೇ..."

"ಗೊತ್ತಿಲ್ಲದೋರ ಹತ್ರ ನಾನು ಮಾತಾಡಲ್ಲ."

ಫೋನು ಇಟ್ಟ ಸದ್ದು ಕೇಳಿಸಿತು. ಆರ್ವಿಲಾ ಒಲೆಯ ಮೇಲಿನ ಬೇಳೆ ಸೀದು ವಾಸನೆ ಬರುವವರೆಗೂ ಕುರ್ಚಿಯಿಂದ ಏಳಲಿಲ್ಲ.

ಸೋಮವಾರ ಅವಳು ಊರಿನ ಗ್ರಂಥಾಲಯಕ್ಕೆ ಹೋದಳು. ಅಲ್ಲಿ ರೆನೆಟಾ ಕಾಲಿ ಎಂಬ, ಕನ್ನಡಕವನ್ನು ತಲೆಯ ಮೇಲೇ ಇಟ್ಟುಕೊಂಡು ಹುಡುಕುವ ಅಭ್ಯಾಸದ ಹೆಂಗಸು ಕಾಗದಪತ್ರ ತುಂಬಿಕೊಡುತ್ತಿದ್ದಳು. ಎಲ್ಲ ಕೇಳಿ, ಸರ್ಕಾರದ ರಿಯಾಯಿತಿ ಫೋನು ಯೋಜನೆಯ ಸಹಾಯವಾಣಿಗೆ ತಾನೇ ಕರೆ ಮಾಡಿ, ಮುಕ್ಕಾಲು ಗಂಟೆ ಸಂಗೀತ ಕೇಳುತ್ತ ಕಾದಳು. ಕೊನೆಗೆ ವಿಷಯ ಹೊರಬಂತು. ಆರ್ವಿಲಾ ತನ್ನ ರಿಯಾಯಿತಿಯನ್ನು ಬೇರೆ ಕಂಪನಿಗೆ ವರ್ಗಾಯಿಸಲು ಒಪ್ಪಿ ಸಹಿ ಹಾಕಿದ್ದಾಳೆ. ಒಂದು ಮನೆಗೆ ಒಂದೇ ರಿಯಾಯಿತಿ, ಆದ್ದರಿಂದ ಹಳೆಯದು ಕಡಿದುಹೋಗಿದೆ.

"ನಾನೆಲ್ಲಿ ಒಪ್ಪಿದೆ? ಹೊಸ ಫೋನು ಅಂದ ಅಷ್ಟೇ."

"ಅವರ ಕಸುಬೇ ಅದು ಮಿಸ್ ಆರ್ವಿಲಾ. ತಲೆಗಿಷ್ಟು ಅಂತ ಸಿಗುತ್ತೆ ಅವರಿಗೆ." ರೆನೆಟಾ ಕುರ್ಚಿ ಹತ್ತಿರ ಎಳೆದುಕೊಂಡಳು. "ಇನ್ಮೇಲೆ ಕೇಳಿ. ಅರ್ಜಿ ಹಾಕೋದಿದ್ರೆ ಯೋಜನೆಯ ಸ್ವಂತ ಜಾಲತಾಣದಲ್ಲೇ ಹಾಕೋಣ, ಇಲ್ಲಿಗೆ ಬನ್ನಿ. ಕಂಪನಿ ಯೋಜನೆಯ ಪಟ್ಟೀಲಿ ಇದೆಯಾ ಅಂತ ಮೊದಲು ನೋಡೋಣ. ಅರ್ಜಿಗೆ ಒಂದು ಸೆಂಟೂ ಇಲ್ಲ. ಯಾರಾದ್ರೂ ತಾವಾಗೇ ಕರೆ ಮಾಡಿ ದುಡ್ಡೋ ಸೋಷಿಯಲ್ ಸೆಕ್ಯುರಿಟಿಯ ಪೂರ್ತಿ ನಂಬರೋ ಕೇಳಿದ್ರೆ ಇಟ್ಬಿಡಿ. ಓದದೆ ಸಹಿ ಮಾತ್ರ ಬೇಡ."

"ನಮ್ಮಮ್ಮನ ನಂಬರು ಸಿಗುತ್ತಾ?"

ರೆನೆಟಾ ಸುಳ್ಳು ಹೇಳಲಿಲ್ಲ. "ದೂರು ಬರೆಸಿದೀನಿ. ಹಳೇ ಕಂಪನಿಗೆ ವಾಪಸ್ ಹೋಗಬಹುದು. ನಂಬರು ಮಾತ್ರ... ಕೇಳಿ ನೋಡೋಣ."

ಹತ್ತು ದಿನ ಕಳೆದ ಮೇಲೆ ಒಂದು ಬೆಳಗ್ಗೆ ಹೊಸ ಫೋನು ಬಡಿದುಕೊಂಡಿತು. ಗಾರ್ಲೆಂಡ್ ಎಂದು ಹೆಸರು ಹೇಳಿಕೊಂಡ ಗಂಡಸು, ನಂಬರು ವಾಪಸಾತಿ ವಿಭಾಗದಿಂದ ಮಾತಾಡುತ್ತಿದ್ದೇನೆ ಎಂದ. ಆಮೇಲೆ ನಿಧಾನವಾಗಿ ಹತ್ತು ಅಂಕಿ ಓದಿದ. ಅಮ್ಮನ ಮನೆಯ ನಂಬರು! ಬೇರೆಯವರ ಬಾಯಲ್ಲಿ ಅದನ್ನು ಕೇಳಿ ಆರ್ವಿಲಾ ಕುರ್ಚಿ ಎಳೆದುಕೊಂಡು ಕುಳಿತಳು.

"ಇದು ಸಿಗುತ್ತಾ ಸ್ವಾಮಿ?"

"ನನ್ನ ಮುಂದೇನೇ ಇದೆ ತಾಯಿ. ಯಾಕೆ, ಅಷ್ಟೊಂದು ಮುಖ್ಯಾನಾ?"

ಅವಳು ಹೇಳಿದಳು. ಅಕ್ಕನ ಬಗ್ಗೆ, ಭಾನುವಾರದ ಬಗ್ಗೆ, ಹಿತ್ತಲಲ್ಲಿ ಬಟ್ಟೆ ಒಣಗಿಸುವ ಅಮ್ಮನ ಬಗ್ಗೆ. ಅವನು ನಡುನಡುವೆ "ಅಯ್ಯೋ", "ಹೌದಾ" ಎನ್ನುತ್ತಿದ್ದ. ಎಷ್ಟೋ ದಿನಗಳಿಂದ ಅಷ್ಟು ಹೊತ್ತು ಅವಳ ಮಾತನ್ನು ಯಾರೂ ಕೇಳಿರಲಿಲ್ಲ. ಕೊನೆಗೆ ಅವನು ಕೆಲಸಕ್ಕೆ ಬಂದ. ಅಂಗಡಿಯಿಂದ ಅರವತ್ತು ಡಾಲರು ತುಂಬಿದ ಒಂದು ಉಡುಗೊರೆ ಕಾರ್ಡು ಕೊಂಡು, ಅದರ ಹಿಂದಿನ ಅಂಕಿಗಳನ್ನು ಓದಿ ಹೇಳಿದರೆ ಸಾಕು, ಸಂಜೆಗೆಲ್ಲ ನಂಬರು ವಾಪಸು.

"ಲೈನಲ್ಲೇ ಇರಿ ತಾಯಿ, ಇಡಬೇಡಿ. ಅಂಗಡೀಲಿ ಯಾರ ಹತ್ರಾನೂ ಮಾತಾಡ್ಬೇಡಿ, ಕೆಲಸ ಕೆಡುತ್ತೆ."

ರೆನೆಟಾ ಹೇಳಿದ್ದು ನೆನಪಿರಲಿಲ್ಲವೆಂದಲ್ಲ. ನೆನಪಿದ್ದೂ ಅವಳು ಕೋಟು ಹಾಕಿಕೊಂಡಳು. ಅರವತ್ತು ಡಾಲರು ಹೋದರೆ ಹೋಗಲಿ, ಒಂದು ವೇಳೆ ನಿಜವಾಗಿದ್ದರೆ?

ಅಗ್ಗದ ಅಂಗಡಿಯಲ್ಲಿ ಕಾರ್ಡು ಕೈಯಲ್ಲಿ ಹಿಡಿದು ಸಾಲಿನಲ್ಲಿ ನಿಂತಳು. ಗಲ್ಲಾದಲ್ಲಿದ್ದ ಹೆಂಗಸು ಎಂದಿನಂತೆ, "ಹೇಗಿದೀರಿ ಚಿನ್ನಾ? ಸೊಂಟನೋವು ವಾಸಿಯಾಯ್ತಾ?" ಎಂದಳು. ಆರ್ವಿಲಾ ಬಾಯಿ ತೆರೆದಳು. ಕಿವಿಯಲ್ಲಿ ಗಾರ್ಲೆಂಡ್ ಪಿಸುಗುಟ್ಟಿದ, "ಮಾತು ಬೇಡ."

ವಾರಕ್ಕೆ ಮೂರು ಮಾತು ಸಿಗುವುದು ಕಷ್ಟವಿರುವ ತನಗೆ, ಸಿಕ್ಕ ಒಂದು ಮಾತಿಗೂ ಉತ್ತರಿಸಬೇಡವೆನ್ನುವ ಈ ಮನುಷ್ಯ ಯಾರು? ಅವಳು ಸಾಲಿನಿಂದ ಈಚೆ ಬಂದು, ಕಾರ್ಡನ್ನು ಅದರ ಕೊಕ್ಕೆಗೆ ಮತ್ತೆ ಸಿಕ್ಕಿಸಿದಳು.

"ನಾನು ದುಡ್ಡು ಕೊಡಲ್ಲ. ನಂಬರು ನಿನ್ ಹತ್ರ ಇಲ್ಲ, ಆ ಡೇರೆಯವನು ನಿಂಗೆ ಅಂಕಿ ಹೇಳಿದಾನೆ ಅಷ್ಟೇ, ಅಲ್ವಾ?"

"ಇದೆ ತಾಯಿ. ಈಗ ಬಿಟ್ರೆ ಬೇರೆಯವರಿಗೆ ಹೋಗುತ್ತೆ. ನಿಮ್ಮಕ್ಕ ಸಾಯೋವರೆಗೂ ಒತ್ತುತಾನೇ ಇರ್ತಾಳೆ, ನೋಡ್ತಿರಿ."

"ಹೋಗಲಿ."

ಅವನ ದನಿ ಗಡುಸಾಯಿತು. "ಮುದಿ ಗೊಡ್ಡೇ, ಅರ್ಧ ಗಂಟೆ ಹಾಳು ಮಾಡಿದೆ," ಎಂದು ಕೆಟ್ಟದಾಗಿ ಬೈದು ಫೋನು ಕುಕ್ಕಿದ. ಆರ್ವಿಲಾ ಕಪಾಟಿಗೆ ಒರಗಿ ನಿಂತಳು. ಬೈಗುಳಕ್ಕಿಂತ ಹೆಚ್ಚಾಗಿ, ಅಕ್ಕನ ವಿಷಯವನ್ನೆಲ್ಲ ಇಂಥವನ ಮುಂದೆ ಹರವಿದೆನಲ್ಲ ಎಂದು ನಾಚಿಕೆಯಾಯಿತು. ಗಲ್ಲಾದ ಹೆಂಗಸು ಒಂದು ಸ್ಟೂಲು ತಂದುಕೊಟ್ಟಳು.

ಮೇ ಕೊನೆಗೆ ಹಳೆಯ ಕಂಪನಿ ಅವಳನ್ನು ವಾಪಸು ಸೇರಿಸಿಕೊಂಡಿತು. ನಂಬರು ಮಾತ್ರ ಸಿಗಲಿಲ್ಲ. ದೂರಿಗೆ ಬಂದ ಉತ್ತರದಲ್ಲಿ ವಿಷಾದ ಎಂಬ ಮಾತು ಎರಡು ಸಲ ಇತ್ತು.

ಜೂನ್ ಮೊದಲ ಭಾನುವಾರ ಚರ್ಚಿನ ವ್ಯಾನು ಆಸ್ಪತ್ರೆ ಭೇಟಿಗೆಂದು ಕೊಲಂಬಸ್‌ಗೆ ಹೊರಟಿತ್ತು. ಆರ್ವಿಲಾ ಅದರಲ್ಲಿ ಜಾಗ ಕೇಳಿಕೊಂಡು ಹೋದಳು. ಲೊಡೀಮಾ ಸಣ್ಣಗಾಗಿದ್ದಳು. ತಂಗಿಯ ಮುಖ ನೋಡಿದಳು, ಗುರುತು ಹತ್ತಲಿಲ್ಲ. ಎರಡು ಗಂಟೆಗೆ ಎದ್ದು ಹೋಗಿ ಫೋನಿನ ಮುಂದೆ ನಿಂತು ಒತ್ತಿದಳು, ಕಿವಿಗೊಟ್ಟು ಕೇಳಿದಳು, ಇಟ್ಟಳು.

"ಎತ್ತಲಿಲ್ವಾ?" ಆರ್ವಿಲಾ ಕೇಳಿದಳು.

"ಇಲ್ಲ. ನನ್ ತಂಗಿ ಇರ್ತಾಳೆ ಅಲ್ಲಿ. ಕಾರ್ಖಾನೇಲಿ ಕೆಲಸ ಜಾಸ್ತಿ ಅಂತ ಕಾಣುತ್ತೆ." ಲೊಡೀಮಾ ಪಕ್ಕದಲ್ಲಿ ಕುಳಿತಳು. "ಒಳ್ಳೇ ಹುಡುಗಿ. ಸ್ವಲ್ಪ ಬೇಗ ಯಾರನ್ನಾದ್ರೂ ನಂಬಿಬಿಡ್ತಾಳೆ."

"ಹೌದಾ?"

"ಹೂಂ. ನಿಂಗೆ ಯಾರೂ ಇಲ್ವಾ?"

"ಒಬ್ಬಳು ಅಕ್ಕ ಇದಾಳೆ," ಎಂದಳು ಆರ್ವಿಲಾ, ತಂದಿದ್ದ ಸೇಬಿನ ಕಡುಬನ್ನು ಬಿಚ್ಚಿ ಅವಳ ಕೈಗೆ ಕೊಡುತ್ತ.

ಅಂದಿನಿಂದ ತಿಂಗಳಿಗೊಮ್ಮೆ ಅವಳು ಆ ವ್ಯಾನಿನಲ್ಲಿ ಹೋಗುತ್ತಾಳೆ. ಉಳಿದ ಭಾನುವಾರಗಳಲ್ಲಿ ನರ್ಸುಗಳ ಮೇಜಿಗೆ ತಾನೇ ಕರೆ ಮಾಡುತ್ತಾಳೆ. ಕೆಲವು ಸಲ ಲೊಡೀಮಾ ಬಂದು, ಈ ಪರಿಚಯವಿಲ್ಲದ ಹೆಂಗಸಿನೊಡನೆ ಮರ್ಯಾದೆಯಿಂದ ಎರಡು ಮಾತಾಡುತ್ತಾಳೆ. ಕೆಲವು ಸಲ ಬರುವುದೇ ಇಲ್ಲ.